ಬೆಕ್ಕಿರುವ ಮನೆಯಲ್ಲಿ ಕಸೂತಿ: ಮೊದಲು ಸೂಜಿಗೊಂದು ಮನೆ

ನಮ್ಮ ಮನೆಯಲ್ಲಿ ಸೂಜಿಯ ಜಾಗ ಅಂದರೆ ಗೋಡೆಯ ಕ್ಯಾಲೆಂಡರ್. ಅಜ್ಜಿಯ ಕಾಲದಿಂದಲೂ ಹಾಗೇ. ಗುಂಡಿ ಹಚ್ಚಿ ಮುಗಿದ ಮೇಲೆ ದಾರದ ಸಮೇತ ಸೂಜಿಯನ್ನು ಕ್ಯಾಲೆಂಡರಿನ ಮೇಲ್ತುದಿಗೆ ಚುಚ್ಚಿಬಿಡುವುದು. ಮತ್ತೆ ಬೇಕಾದಾಗ ಹುಡುಕುವ ಕೆಲಸವೇ ಇಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ಅಲ್ವಾ?

ಚಿನ್ನಿ ಬಂದ ಮೇಲೆ ಅದನ್ನು ಬಿಡಬೇಕಾಯಿತು. ಚಿನ್ನಿ ನಮ್ಮ ಬೆಕ್ಕು. ಅವಳಿಗೆ ಒಂದು ವರ್ಷ ಇದ್ದಾಗ ನಾನು ಒಂದು ಸೆರಗಿಗೆ ಗೋಪುರ ಹಾಕುತ್ತಿದ್ದೆ. ಕುಕ್ಕರ್ ಕೂಗಿತು, ಎದ್ದು ಹೋದೆ. ಬಂದು ನೋಡಿದರೆ ಸೂಜಿ ಬಟ್ಟೆಯಲ್ಲೇ ಇತ್ತು, ಅದರಲ್ಲಿದ್ದ ಕೆಂಪು ದಾರ ಇರಲಿಲ್ಲ. ಎಲ್ಲೋ ಬಿದ್ದಿರಬೇಕು ಅಂದುಕೊಂಡು ಹೊಸ ದಾರ ಪೋಣಿಸಿದೆ. ಮಾರನೇ ದಿನ ಚಿನ್ನಿ ಹಾಲು ಮೂಸಿ ನೋಡಲಿಲ್ಲ. ಮೂರು ಸಲ ವಾಂತಿ ಮಾಡಿದಳು. ಮಂಚದ ಕೆಳಗೆ ಮೂಲೆ ಹಿಡಿದು ಕೂತವಳು ಕರೆದರೂ ಬರಲಿಲ್ಲ. ಡಾಕ್ಟರು ಅವಳ ಬಾಯಿ ತೆರೆದು, ಗಲ್ಲದ ಕೆಳಗಿನಿಂದ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರು. ನಾಲಿಗೆ ಮೇಲೆದ್ದಿತು. ಅದರ ಬುಡಕ್ಕೆ ನನ್ನ ಕೆಂಪು ದಾರ ಸುತ್ತಿಕೊಂಡಿತ್ತು. ಉಳಿದದ್ದು ಹೊಟ್ಟೆಯೊಳಗೆ. ಅವತ್ತೇ ಆಪರೇಷನ್ ಆಯಿತು. ಚಿನ್ನಿ ಉಳಿದಳು. ಇದನ್ನು ಬರೆಯುವಾಗ ಪಕ್ಕದ ಕುರ್ಚಿಯಲ್ಲಿ ಮಲಗಿದ್ದಾಳೆ.

ಕಸೂತಿ ಬಿಡಬೇಕಾಗಿಲ್ಲ, ಬೆಕ್ಕನ್ನೂ ಬಿಡಬೇಕಾಗಿಲ್ಲ. ಸೂಜಿ ದಾರಕ್ಕೆ ಒಂದು ಮುಚ್ಚಿದ ಜಾಗ ಬೇಕು, ಅಷ್ಟೇ. ಅದಕ್ಕೇ ಬೆಕ್ಕಿರುವ ಮನೆಯಲ್ಲಿ ಕಸೂತಿ ಕಲಿಯುವವರು ಮೊದಲು ಮಾಡಬೇಕಾದದ್ದು ಸೂಜಿ ಇಡುವ ಪುಟ್ಟ ಬಟ್ಟೆಯ ಪುಸ್ತಕ ಅಂತ ನನ್ನ ಅಭಿಪ್ರಾಯ. ಅದರ ಮುಖಪುಟದ ಮೇಲೆ ಮೂರು ಬೆಕ್ಕಿನ ಮುಖ, ಮೇಲೆ ಕೆಳಗೆ ಮೆಟ್ಟಿಲಿನ ಹಾಗೆ ಹತ್ತಿ ಇಳಿಯುವ ಒಂದೊಂದು ಮುರ್ಗಿ ಅಂಚು. ಲೆಕ್ಕ ಪೂರ್ತಿ ಕೊಟ್ಟಿದ್ದೇನೆ. ಕಸೂತಿಯ ಗವಂತಿ, ಮುರ್ಗಿ, ಮೆಂತೆ ಅನ್ನುವ ಮೂರು ಹೊಲಿಗೆಗಳೂ ಇದರಲ್ಲೇ ಕೈಗೆ ಹತ್ತುತ್ತವೆ.

ದಾರ ಯಾಕೆ ಇಷ್ಟು ಅಪಾಯ

ಬೆಕ್ಕಿನ ನಾಲಿಗೆ ನಿಮ್ಮ ಕೈಗೆ ತಾಗಿದಾಗ ಉಪ್ಪುಕಾಗದದ ಹಾಗೆ ಅನಿಸುತ್ತದೆ. ಅದರ ಮೇಲೆ ಸಣ್ಣ ಸಣ್ಣ ಮುಳ್ಳುಗಳಿವೆ. ಎಲ್ಲವೂ ಗಂಟಲಿನ ಕಡೆಗೆ ಬಾಗಿವೆ. ದಾರ ಒಮ್ಮೆ ನಾಲಿಗೆಗೆ ಸಿಕ್ಕರೆ ಬೆಕ್ಕಿಗೆ ಅದನ್ನು ಉಗುಳಲು ಬರುವುದಿಲ್ಲ. ನುಂಗುತ್ತಲೇ ಹೋಗಬೇಕು.

ಒಳಗೆ ಹೋದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ತಳ್ಳುತ್ತಾ ಇರುತ್ತದೆ. ಲಂಗದ ನೆರಿಗೆಗೆ ಲಾಡಿ ಎಳೆದ ಹಾಗೆ ಕರುಳು ಆ ದಾರದ ಮೇಲೆ ನೆರಿಗೆ ಕಟ್ಟುತ್ತದೆ. ಬಿಗಿಯಾದ ದಾರ ಕರುಳನ್ನು ಕೊಯ್ಯಲೂಬಹುದು. ದಾರದ ಜೊತೆ ಸೂಜಿಯೂ ಹೋದರೆ ಇನ್ನೂ ಕಷ್ಟ. ಉಣ್ಣೆಯ ಉಂಡೆ ಹಿಡಿದು ಆಡುವ ಬೆಕ್ಕಿನ ಚಿತ್ರ ಎಲ್ಲ ಕಡೆ ಇದೆ. ಅದನ್ನು ನಂಬಿ ಬೆಕ್ಕಿನ ಕೈಗೆ ದಾರದ ಉಂಡೆ, ರೀಲು ಕೊಡಬೇಡಿ.

ಸಾಮಾನು

ಬಟ್ಟೆಗೆ ಐಡಾ ಒಳ್ಳೆಯದು. ಚೌಕಗಳು ಕಣ್ಣಿಗೆ ಕಾಣುತ್ತವೆ, ಎಣಿಸಲು ಸುಲಭ. 14ರ ಐಡಾ ಕೇಳಿ, ಅಂದರೆ ಒಂದು ಇಂಚಿಗೆ 14 ಚೌಕ. 7 ಇಂಚು ಅಗಲ, 10 ಇಂಚು ಉದ್ದದ ತುಂಡು ಸಾಕು. ಮ್ಯಾಟಿ ಬಟ್ಟೆ ಸಿಕ್ಕರೂ ಆದೀತು. ಆದರೆ ಅದರ ಮೇಲೆ ಸ್ಕೇಲ್ ಇಟ್ಟು ಇಂಚಿಗೆ ಎಷ್ಟು ಚೌಕ ಅಂತ ಎಣಿಸಿಕೊಳ್ಳಿ. 11 ಬಂದರೆ ಇದೇ ನಮೂನೆ 4 ಇಂಚಿನ ಬದಲು 5 ಇಂಚಿಗೂ ತುಸು ಜಾಸ್ತಿ ಅಗಲ ಆಗುತ್ತದೆ. ಬಟ್ಟೆಯನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಬೇಕು.

ದಾರ ಆರು ಎಳೆಯ ಹತ್ತಿ ದಾರ. ಆ್ಯಂಕರ್ ಲಡಿಯಲ್ಲಿ 8 ಮೀಟರ್ ಇರುತ್ತದೆ. ನಮ್ಮ ಕೆಲಸಕ್ಕೆ ಒಂದು ಲಡಿ ಧಾರಾಳ, ಮಿಗುತ್ತದೆ. ಚಂದ್ರಕಾಳಿ ಸೀರೆ ನೋಡಿದವರಿಗೆ ಕಪ್ಪಿನ ಮೇಲೆ ಕೆಂಪು, ಹಸಿರು, ಹಳದಿ ಹೇಗೆ ಏಳುತ್ತದೆ ಅಂತ ಗೊತ್ತು. ಆದರೆ ಮೊದಲ ಸಲ ಕಪ್ಪು ಬಟ್ಟೆ ಬೇಡ, ಕಣ್ಣು ಸೋಲುತ್ತದೆ. ಕೆನೆ ಬಣ್ಣದ ಬಟ್ಟೆ, ಕಡು ಕೆಂಪು ಅಥವಾ ಕಡು ನೀಲಿ ದಾರ ತಗೊಳ್ಳಿ.

ಸೂಜಿ 24ನೇ ನಂಬರಿನ ಮೊಂಡು ತುದಿಯದು. ಅಂಗಡಿಯಲ್ಲಿ ಟೇಪೆಸ್ಟ್ರಿ ಸೂಜಿ ಅಂತ ಕೇಳಿ. ತುದಿ ಮೊಂಡಾದ್ದರಿಂದ ಮೊದಲೇ ಹಾಕಿದ ದಾರವನ್ನು ಸೀಳುವುದಿಲ್ಲ, ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ.

ಇನ್ನು ಒಳಗಡೆಗೆ 6 ಇಂಚು ಅಗಲ, 9 ಇಂಚು ಉದ್ದದ ತೆಳು ಹತ್ತಿ ಬಟ್ಟೆ. ಹಾಳೆಗಳಿಗೆ 4 ಇಂಚು ಅಗಲ, 6 ಇಂಚು ಉದ್ದದ ಫೆಲ್ಟ್, ಇಲ್ಲವೇ ಹಳೆಯ ಉಣ್ಣೆ ಶಾಲಿನ ತುಂಡು. ಒಂದು ಟಿಚ್ ಬಟನ್. ಸಣ್ಣ ಕತ್ತರಿ. ಫ್ರೇಮ್ ಬೇಡ, ಐಡಾ ಕೈಯಲ್ಲಿ ಹಿಡಿಯುವಷ್ಟು ಗಟ್ಟಿ ಇರುತ್ತದೆ.

ಕೊನೆಯದಾಗಿ ಎರಡು ಪಾತ್ರೆ. ಮುಚ್ಚಳ ಬಿಗಿಯಾಗಿ ಕೂರುವ ಒಂದು ಸ್ಟೀಲ್ ಡಬ್ಬಿ, ತಿರುಗಿಸಿ ಮುಚ್ಚುವ ಬಿರಡೆಯ ಒಂದು ಸಣ್ಣ ಬಾಟಲಿ. ಡಬ್ಬಿಯೊಳಗೆ ಕೆಲಸ, ಬಾಟಲಿಯೊಳಗೆ ಕತ್ತರಿಸಿದ ದಾರದ ಚೂರು. ಇವೆರಡೂ ಇಲ್ಲದೆ ಶುರು ಮಾಡಬೇಡಿ.

ಯಾವಾಗ ಕೂರಬೇಕು, ಎಲ್ಲಿ ಕೂರಬೇಕು

ಬೆಕ್ಕಿಗೆ ಬೆಳಗಿನ ಜಾವ ಮತ್ತು ಮುಸ್ಸಂಜೆ ಬೇಟೆಯ ಹೊತ್ತು. ಆಗ ಅಲ್ಲಾಡುವ ದಾರ ಅದಕ್ಕೆ ಹಾವಿನಮರಿಯೋ ಹಲ್ಲಿಯ ಬಾಲವೋ ಆಗಿ ಕಾಣುತ್ತದೆ. ಮಧ್ಯಾಹ್ನ ಹಾಗಲ್ಲ. ದಿನಕ್ಕೆ 12ರಿಂದ 16 ಗಂಟೆ ಮಲಗುವ ಪ್ರಾಣಿ, ಊಟದ ನಂತರದ ಹೊತ್ತನ್ನು ಪೂರ್ತಿ ನಿದ್ದೆಗೇ ಕೊಡುತ್ತದೆ. ನಾನು ಕೂರುವುದು ಆಗಲೇ. ಕಣ್ಣಿಗೂ ಬೆಳಕು ಚೆನ್ನಾಗಿರುತ್ತದೆ.

ಕೂರುವ ಮೊದಲು ಹತ್ತು ಹದಿನೈದು ನಿಮಿಷ ಬೆಕ್ಕನ್ನು ಆಡಿಸಿ. ಕೋಲಿನ ತುದಿಗೆ ಗರಿ ಕಟ್ಟಿದ ಆಟಿಕೆ ಇದ್ದರೆ ಅದೇ ಸಾಕು. ಓಡಲಿ, ಹಾರಲಿ, ಕೊನೆಗೊಮ್ಮೆ ಹಿಡಿಯಲಿ. ಹಿಡಿಯಲು ಬಿಡದೆ ನಿಲ್ಲಿಸಿದರೆ ಅದರ ಹಂಬಲ ತೀರುವುದಿಲ್ಲ, ನಿಮ್ಮ ಸೂಜಿಯ ಕಡೆಗೇ ಬರುತ್ತದೆ. ಆಟ ಆದ ಕೂಡಲೇ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ದಿನಚರಿ ಇದೇ ಸಾಲಿನಲ್ಲಿ ನಡೆಯುತ್ತದೆ. ಆಮೇಲೆ ಆ ಆಟಿಕೆಯನ್ನೂ ಬೀರುವಿನೊಳಗೆ ಇಡಿ. ಅದರಲ್ಲೂ ದಾರ ಇದೆಯಲ್ಲ.

ನೀವು ಕೂರುವ ಕುರ್ಚಿಯ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಒಳಗೆ ನಿಮ್ಮ ಹಳೆಯ ಕಾಟನ್ ಸೀರೆಯ ತುಂಡು ಹಾಸಿ. ಬೆಕ್ಕಿಗೆ ನಿಮ್ಮ ಹತ್ತಿರ ಇರಬೇಕು, ಅಷ್ಟೇ. ಹತ್ತಿರ ಒಂದು ಗೂಡು ಸಿಕ್ಕರೆ ತೊಡೆ ಏರುವುದು ಕಡಿಮೆಯಾಗುತ್ತದೆ. ಆದರೂ ಒಮ್ಮೊಮ್ಮೆ ಏರುತ್ತದೆ. ಆಗ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಳ್ಳಬೇಡಿ, ಸೆರಗಿಗೆ ಚುಚ್ಚಿಕೊಳ್ಳಬೇಡಿ. ಕೆಲಸವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಆಮೇಲೆ ತಲೆ ಸವರಿ. ಐದು ನಿಮಿಷ ತಡವಾದರೆ ಆಗಲಿ.

ನಾಲ್ಕು ಹೊಲಿಗೆ, ಒಂದು ಉಗುರು

ಧಾರವಾಡ, ಹುಬ್ಬಳ್ಳಿ ಕಡೆಯ ಈ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲು ಎಲ್ಲವೂ ನಾಲ್ಕೇ ಹೊಲಿಗೆಯಿಂದ ಹುಟ್ಟುತ್ತವೆ.

ಗವಂತಿ ಅಂದರೆ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುವುದು. ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮುರ್ಗಿಯೂ ಅದೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ. ನೇಗಿ ಅನ್ನುವುದು ನೇಯ್ಗೆಯ ಹಾಗೆ, ಉದ್ದ ಗಿಡ್ಡ ಹೊಲಿಗೆಗಳನ್ನು ಸಾಲಾಗಿ ಓಡಿಸಿ ಮೈ ತುಂಬುವುದು. ಮೆಂತೆ ಗುಣಾಕಾರದ ಗುರುತಿನ ಹೊಲಿಗೆ, ದೂರದಿಂದ ಮೆಂತೆಕಾಳು ಚೆಲ್ಲಿದ ಹಾಗೆ ಕಾಣುತ್ತದೆ.

ಬೆಕ್ಕಿರುವ ಮನೆಯಲ್ಲಿ ಇವುಗಳ ನಡುವೆ ಆರಿಸಬೇಕಾಗುತ್ತದೆ. ನೇಗಿಯಲ್ಲಿ ದಾರ ಬಟ್ಟೆಯ ಮೇಲೆ ಉದ್ದಕ್ಕೆ ತೇಲುತ್ತದೆ. ಬೆಕ್ಕಿನ ಉಗುರು ಅದರ ಕೆಳಗೆ ಹೊಕ್ಕರೆ ಸಾಲಿಗೆ ಸಾಲೇ ಎದ್ದುಬರುತ್ತದೆ. ಗವಂತಿ, ಮುರ್ಗಿಯಲ್ಲಿ ಒಂದೊಂದು ಹೊಲಿಗೆ ಒಂದೇ ಚೌಕದಷ್ಟು. ಉಗುರು ಹಿಡಿಯಲು ಜಾಗವೇ ಇಲ್ಲ. ಅದಕ್ಕೇ ದಿಂಬು, ಕುರ್ಚಿಯ ಹಾಸು, ಬೆಕ್ಕು ಕೂರುವ ಯಾವುದೇ ಬಟ್ಟೆಗೆ ಗವಂತಿ ಮುರ್ಗಿ ಮಾತ್ರ ಹಾಕಿ. ನೇಗಿಯ ಆನೆ ಗೋಡೆಯ ಮೇಲೆ ಚೌಕಟ್ಟಿನೊಳಗೆ ಇರಲಿ. ಹಾಗೆಯೇ ಗೊಂಡೆ, ಮಣಿ, ರಿಬ್ಬನ್ ಎಲ್ಲೂ ಬೇಡ.

ಬಟ್ಟೆ ಸಿದ್ಧ ಮಾಡುವುದು

ಐಡಾದ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಸುತ್ತಲೂ ಮಶೀನಿನಲ್ಲೋ ಕೈಯಲ್ಲೋ ಅಂಚು ಹೊಲಿದುಬಿಡಿ. ಬಿಚ್ಚಿದ ಎಳೆಗಳು ಬಾಟಲಿಗೆ.

ಬಟ್ಟೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ ಉಗುರಿನಿಂದ ಒತ್ತಿ. ಆ ಎರಡು ಗೆರೆಯ ಮೇಲೆ ಬೇರೆ ಬಣ್ಣದ ದಾರದಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಅಡ್ಡ ಗೆರೆ ಪುಸ್ತಕದ ಬೆನ್ನು. ಅದರ ಕೆಳಗಿನ ಅರ್ಧ ಮುಖಪುಟ.

ದಾರವನ್ನು ಒಂದು ಮೊಳ ಕತ್ತರಿಸಿ. ಇದಕ್ಕಿಂತ ಉದ್ದ ಆದರೆ ಸಿಕ್ಕಾಗುತ್ತದೆ, ಬೆಕ್ಕಿನ ಕಣ್ಣಿಗೂ ಬೀಳುತ್ತದೆ. ಆರು ಎಳೆಯಿಂದ ಒಂದೊಂದೇ ಎಳೆ ಮೇಲಕ್ಕೆ ಎಳೆದು ಬಿಡಿಸಿ. ಎರಡು ಒಟ್ಟಿಗೆ ಎಳೆದರೆ ಗಂಟಾಗುತ್ತದೆ. ಎರಡು ಎಳೆ ಜೋಡಿಸಿ ಸೂಜಿಗೆ ಪೋಣಿಸಿ. ಉಳಿದ ನಾಲ್ಕು ಎಳೆ ಆಗಲೇ ಡಬ್ಬಿಗೆ.

ನಡುವಿನ ಬೆಕ್ಕು

ಮೊದಲು ಗ್ರಾಫ್ ಕಾಗದದ ಮೇಲೆ ಒಮ್ಮೆ ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ, ಆಮೇಲೆ ಬಿಚ್ಚುವ ತಾಪತ್ರಯ ತಪ್ಪುತ್ತದೆ.

ಶುರುವಿನ ಚುಕ್ಕಿ ಇಲ್ಲಿದೆ. ಎರಡು ಕಚ್ಚಾ ಗೆರೆಗಳು ಕೂಡುವ ಜಾಗದಿಂದ 32 ಚೌಕ ಕೆಳಗೆ ಬನ್ನಿ, ಅಲ್ಲಿಂದ 3 ಚೌಕ ಎಡಕ್ಕೆ ಹೋಗಿ. ಇದು ಗಲ್ಲದ ಎಡ ಮೂಲೆ. ಇಲ್ಲಿ ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ತನ್ನಿ. ಹಿಂದೆ ಮೂರು ಇಂಚು ದಾರ ಬಿಟ್ಟು ಬೆರಳಲ್ಲಿ ಹಿಡಿದುಕೊಳ್ಳಿ. ಗಂಟು ಬೇಡ.

ಈಗ ಒಂದು ಚೌಕ ಬಟ್ಟೆಯ ಮುಂಬದಿಯಲ್ಲಿ, ಒಂದು ಚೌಕ ಹಿಂಬದಿಯಲ್ಲಿ, ಹೀಗೆ ಸುತ್ತು ಹೊರಡಿ. ಮುಂದಿನದೂ ಹಿಂದಿನದೂ ಲೆಕ್ಕಕ್ಕೆ ಒಂದೊಂದು ಹೊಲಿಗೆ:

1. ಎಡಕ್ಕೆ ಮೇಲೆ ಓರೆಯಾಗಿ 2 ಹೊಲಿಗೆ. ಇದು ಕೆನ್ನೆ.
2. ನೇರ ಮೇಲಕ್ಕೆ 7 ಹೊಲಿಗೆ, ಕಿವಿಯ ತುದಿಯವರೆಗೆ. ಇಲ್ಲೂ 6ರಲ್ಲೂ ನಡುವೆ ಮೀಸೆ ಬರುತ್ತದೆ, ಅದರ ಲೆಕ್ಕ ಕೆಳಗಿದೆ, ಮೊದಲೇ ಓದಿಕೊಳ್ಳಿ.
3. ಬಲಕ್ಕೆ ಕೆಳಗೆ ಓರೆಯಾಗಿ 3. ಎಡಗಿವಿ ಆಯಿತು.
4. ಬಲಕ್ಕೆ ಅಡ್ಡವಾಗಿ 4. ನೆತ್ತಿ.
5. ಬಲಕ್ಕೆ ಮೇಲೆ ಓರೆಯಾಗಿ 3. ಬಲಗಿವಿಯ ತುದಿ.
6. ನೇರ ಕೆಳಕ್ಕೆ 7.
7. ಎಡಕ್ಕೆ ಕೆಳಗೆ ಓರೆಯಾಗಿ 2.
8. ಎಡಕ್ಕೆ ಅಡ್ಡವಾಗಿ 6. ಶುರುವಿನ ಚುಕ್ಕಿಗೆ ಬಂದಿರಿ.

ಒಟ್ಟು 34 ಹೊಲಿಗೆ. ಈಗ ಮುಖ ತುಂಡು ತುಂಡು ಗೆರೆಯಾಗಿ ಕಾಣುತ್ತದೆ. ಬಿಟ್ಟ ಜಾಗ ತುಂಬಲು ಎರಡನೇ ಸುತ್ತು ಬೇಕು. ಹೊಸಬರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಬಂದ ದಿಕ್ಕಿನಲ್ಲೇ ಮತ್ತೆ ಹೊರಟರೆ ಹಾಕಿದ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ.

ಲೆಕ್ಕ ಹೀಗಿದೆ. ಸುತ್ತಿ ಬಂದು ಕೂಡುವ ಗೆರೆಯಲ್ಲಿ ಹೊಲಿಗೆಗಳು ಸಮಸಂಖ್ಯೆಯಲ್ಲಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಬೆಸಸಂಖ್ಯೆಯಲ್ಲಿದ್ದರೆ ಅದೇ ದಿಕ್ಕಿನಲ್ಲಿ ಮುಂದುವರಿಯಬೇಕು. ನಮ್ಮದು 34, ಸಮ. ಸೂಜಿ ಈಗ ಶುರುವಿನ ಚುಕ್ಕಿಯಲ್ಲಿ ಮುಂದಕ್ಕೆ ಬಂದಿದೆ. ಅಲ್ಲಿಂದ ಕೊನೆಯಲ್ಲಿ ಬಂದ ಗಲ್ಲದ ಗೆರೆಯ ಮೇಲೇ ವಾಪಸ್ ಹೊರಡಿ. ಖಾಲಿ ಚೌಕಗಳು ಒಂದೊಂದಾಗಿ ತುಂಬುತ್ತಾ ಬರುತ್ತವೆ. ಮುಗಿದ ಮೇಲೆ ತಿರುಗಿಸಿ ನೋಡಿ, ಹಿಂದೆಯೂ ಅದೇ ಮುಖ.

ಹಿಂದಿರುಗುವಾಗ ಒಂದು ಸೂಕ್ಷ್ಮ ಇದೆ. ಸೂಜಿ ಪ್ರತಿ ತೂತಿಗೂ ಹಳೆಯ ದಾರದ ಮೇಲ್ಬದಿಯಿಂದ ಇಳಿಯಲಿ, ಕೆಳಬದಿಯಿಂದ ಏಳಲಿ. ಕೊನೆಯವರೆಗೂ ಇದನ್ನು ಬದಲಿಸಬೇಡಿ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆದರೆ ಗೆರೆ ಇರುವೆ ಸಾಲಿನ ಹಾಗೆ ಅಂಕುಡೊಂಕಾಗುತ್ತದೆ. ದಾರ ತುಂಬಾ ಬಿಗಿದರೂ ತೂತು ಅಗಲವಾಗುತ್ತದೆ. ದಾರ ಬಟ್ಟೆಯನ್ನು ಮುಟ್ಟಿ ಮಲಗಿದರೆ ಸಾಕು.

ಮೀಸೆಯನ್ನು ಮೊದಲ ಸುತ್ತಿನಲ್ಲೇ ಹಾಕಬೇಕು. ಎಡ ಕೆನ್ನೆ ಮುಗಿದು ನೇರ ಮೇಲಕ್ಕೆ ಹೊರಟಿರಲ್ಲ, 1 ಹೊಲಿಗೆ ಆದ ಮೇಲೆ ನಿಲ್ಲಿ. ಅಲ್ಲಿಂದ ಎಡಕ್ಕೆ ಅಡ್ಡವಾಗಿ 3 ಹೊಲಿಗೆ ಹೋಗಿ, ಅದೇ 3 ಹೊಲಿಗೆ ತುಂಬುತ್ತಾ ವಾಪಸ್ ಬನ್ನಿ. ಇನ್ನೊಂದು ಹೊಲಿಗೆ ಮೇಲಕ್ಕೆ, ಮತ್ತೆ ಅಂಥದ್ದೇ ಒಂದು ಮೀಸೆ. ಉಳಿದ 5 ಹೊಲಿಗೆ ಮೇಲಕ್ಕೆ. ಬಲಗಡೆ ಇಳಿಯುವಾಗ 5 ಆದ ಮೇಲೆ ಒಂದು ಮೀಸೆ ಬಲಕ್ಕೆ, 1 ಇಳಿದು ಇನ್ನೊಂದು, ಮತ್ತೆ 1 ಇಳಿದರೆ ಕೆನ್ನೆ. ಹೋಗಿ ಬಂದದ್ದು ಒಟ್ಟು 6 ಆಗುವುದರಿಂದ ನಿಮ್ಮ ಮುಂದೆ ಹಿಂದೆಯ ಲೆಕ್ಕ ಕೆಡುವುದಿಲ್ಲ. ಎರಡನೇ ಸುತ್ತಿನಲ್ಲಿ ಮೀಸೆಯ ಗೋಜಿಗೆ ಹೋಗಬೇಡಿ, ಅದು ಆಗಲೇ ತುಂಬಿದೆ. ತೇರಿನ ಕಳಸ, ತುಳಸಿಯ ಎಲೆ, ನವಿಲಿನ ಜುಟ್ಟು ಹಾಕುವುದೂ ಹೀಗೆಯೇ. ಕವಲು ಬಂದಲ್ಲಿ ಕವಲನ್ನು ಮುಗಿಸಿಕೊಂಡೇ ಮುಂದೆ ಹೋಗಬೇಕು.

ಮುಗಿದ ಮೇಲೆ ಎರಡೂ ತುದಿಗಳನ್ನು ಹಿಂಬದಿಯ ಐದಾರು ಹೊಲಿಗೆಯ ಕೆಳಗೆ ಹಾಯಿಸಿ ಕತ್ತರಿಸಿ. ಚೂರು ಬಾಟಲಿಗೆ. ನೆಲಕ್ಕಲ್ಲ, ಕುರ್ಚಿಯ ಕೈಗಲ್ಲ, "ಆಮೇಲೆ ಎತ್ತೋಣ" ಅಂತ ಪಕ್ಕಕ್ಕೂ ಅಲ್ಲ. ಒಂದು ಮುಖಕ್ಕೆ ಒಂದು ಮೊಳ ದಾರ ಸಾಕಾಗಿ ಮಿಗುತ್ತದೆ.

ಕಣ್ಣಿಗೆ ಮೆಂತೆ. ನೆತ್ತಿಯಿಂದ ಕೆಳಗೆ ಒಂದು ಸಾಲು ಬಿಡಿ. ಎಡ ಬಲ ಎರಡೂ ಅಂಚಿನಿಂದ ಎರಡೆರಡು ಚೌಕ ಬಿಟ್ಟು, ಮೂರನೇ ಚೌಕದಲ್ಲಿ ಒಂದೊಂದು ಮೆಂತೆ ಹಾಕಿ. ಓರೆಯಾಗಿ ಒಂದು, ಅದರ ಮೇಲೆ ಅಡ್ಡ ಓರೆಯಾಗಿ ಇನ್ನೊಂದು. ಮೂರೂ ಬೆಕ್ಕಿಗೆ ಮೇಲಿನ ಓರೆ ಒಂದೇ ದಿಕ್ಕಿಗಿರಲಿ. ಮೆಂತೆ ಹಿಂದೆ ಮುಂದೆ ಒಂದೇ ಥರ ಬರುವುದಿಲ್ಲ. ಪುಸ್ತಕದ ಒಳಗೆ ಬಟ್ಟೆ ಹಚ್ಚುವುದರಿಂದ ಇಲ್ಲಿ ನಡೆಯುತ್ತದೆ. ಸೆರಗಿಗೆ ಇದೇ ಬೆಕ್ಕು ಹಾಕುವುದಾದರೆ ಕಣ್ಣು ಬಿಟ್ಟುಬಿಡಿ, ಕಿವಿ ಮೀಸೆ ನೋಡಿಯೇ ಬೆಕ್ಕು ಅಂತ ಗೊತ್ತಾಗುತ್ತದೆ.

ಉಳಿದೆರಡು ಬೆಕ್ಕಿಗೆ ಹೊಸ ಲೆಕ್ಕ ಬೇಡ. ಮೊದಲ ಬೆಕ್ಕಿನ ಶುರುವಿನ ಚುಕ್ಕಿಯಿಂದ 20 ಚೌಕ ಎಡಕ್ಕೆ ಒಂದು, 20 ಚೌಕ ಬಲಕ್ಕೆ ಒಂದು. ಒಂದರ ಮೀಸೆಗೂ ಇನ್ನೊಂದರ ಮೀಸೆಗೂ ನಡುವೆ 4 ಚೌಕ ಉಳಿಯುತ್ತದೆ. ಮೂರೂ ಸೇರಿ 56 ಚೌಕ, ಸರಿಯಾಗಿ 4 ಇಂಚು.

ಮುರ್ಗಿ ಅಂಚು

ಇದಕ್ಕೆ ಒಂದು ಮೊಳ ಸಾಲದು. ಒಂದೂವರೆ ಮೊಳ ತಗೊಳ್ಳಿ.

ಅಡ್ಡ ಕಚ್ಚಾ ಗೆರೆಯಿಂದ 20 ಚೌಕ ಕೆಳಗೆ, ಉದ್ದ ಗೆರೆಯಿಂದ 28 ಚೌಕ ಎಡಕ್ಕೆ ಶುರು. ಬಲಕ್ಕೆ 1, ಮೇಲಕ್ಕೆ 1, ಬಲಕ್ಕೆ 1, ಮೇಲಕ್ಕೆ 1, ಬಲಕ್ಕೆ 1, ಕೆಳಕ್ಕೆ 1, ಬಲಕ್ಕೆ 1, ಕೆಳಕ್ಕೆ 1. ಇದು ಒಂದು ಗುಡ್ಡ, 4 ಚೌಕ ಅಗಲ. ಹೀಗೆ 14 ಗುಡ್ಡ ಆದರೆ 56 ಚೌಕ ತುಂಬುತ್ತದೆ. ಕೊನೆಯಲ್ಲಿ ತಿರುಗಿ, ಬಿಟ್ಟದ್ದನ್ನು ತುಂಬುತ್ತಾ ವಾಪಸ್ ಬನ್ನಿ. ಕೆಳಗಿನ ಅಂಚು ಅದೇ ಅಡ್ಡ ಗೆರೆಯಿಂದ 35 ಚೌಕ ಕೆಳಗೆ ಶುರು, ಮೇಲಿನದರ ಕನ್ನಡಿಯ ಹಾಗೆ. ಅಂದರೆ ಮೇಲಕ್ಕೆ ಅಂದಲ್ಲಿ ಕೆಳಕ್ಕೆ.

ಎರಡು ಮೂರು ಗುಡ್ಡಕ್ಕೊಮ್ಮೆ ನಿಂತು ಎಣಿಸಿ. ಒಂದು ಚೌಕ ತಪ್ಪಿದರೆ ಕೊನೆಯಲ್ಲಿ ಅಂಚು ಕೂಡುವುದಿಲ್ಲ. ಬಿಚ್ಚಬೇಕಾದರೆ ಸೂಜಿಯಿಂದ ದಾರ ತೆಗೆದು, ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ.

ಪುಸ್ತಕ ಮಾಡುವುದು

ಕಸೂತಿ ಮುಗಿದ ತುಂಡನ್ನು ತಣ್ಣೀರಲ್ಲಿ ಸ್ವಲ್ಪ ಅಂಟುವಾಳದ ನೊರೆ ಹಾಕಿ ಅದ್ದಿ ತೆಗೆಯಿರಿ. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಕೆಂಪು ದಾರ ಮೊದಲ ಸಲ ಬಣ್ಣ ಬಿಡಬಹುದು. ಲಡಿಯ ಒಂದು ಚೂರನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ ಮೊದಲೇ ನೋಡಿಕೊಳ್ಳಿ. ಇಸ್ತ್ರಿಯನ್ನು ಟವೆಲಿನ ಮೇಲೆ ಕಸೂತಿ ಮುಖ ಕೆಳಗೆ ಮಾಡಿ ಹಾಕಿ. ಆಗ ಹೊಲಿಗೆ ಚಪ್ಪಟೆಯಾಗುವುದಿಲ್ಲ.

ಸುತ್ತಲೂ ಅರ್ಧ ಇಂಚು ಕತ್ತರಿಸಿ 6 ಇಂಚು ಅಗಲ, 9 ಇಂಚು ಉದ್ದಕ್ಕೆ ತನ್ನಿ. ಒಳಬಟ್ಟೆಯ ನಟ್ಟನಡುವೆ ಫೆಲ್ಟ್ ಇಟ್ಟು, ಅಡ್ಡ ಮಧ್ಯದ ಗೆರೆಯ ಮೇಲೆ ಒಂದೇ ಒಂದು ಹೊಲಿಗೆಯ ಸಾಲು ಹಾಕಿ. ಮಡಚಿದಾಗ ಅದು ಎರಡು ಹಾಳೆಯಾಗುತ್ತದೆ. ಈಗ ಐಡಾ ಮತ್ತು ಒಳಬಟ್ಟೆಯ ಒಳ್ಳೆಯ ಮುಖಗಳು ಎದುರುಬದುರು ಬರುವಂತೆ ಇಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಸುತ್ತ ಹೊಲಿಯಿರಿ. ಒಂದು ಪಕ್ಕದಲ್ಲಿ ಎರಡು ಇಂಚು ಬಿಡಿ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಬಿಟ್ಟ ಜಾಗದಿಂದ ಒಳಹೊರಗೆ ಮಾಡಿ, ಮೂಲೆಗಳನ್ನು ಪೆನ್ಸಿಲಿನ ಹಿಂಬದಿಯಿಂದ ತಳ್ಳಿ ಚೂಪು ಮಾಡಿ. ತೆರೆದ ಜಾಗ ಕೈಯಲ್ಲಿ ಮುಚ್ಚಿ. ಕೆಳಗಿನ ಅಂಚಿನ ನಡುವೆ ಟಿಚ್ ಬಟನ್. ಕಚ್ಚಾ ಗೆರೆಗಳ ದಾರ ತೆಗೆಯಲು ಮರೆಯಬೇಡಿ. ಮರೆತರೆ ಅದನ್ನು ಬೆಕ್ಕೇ ಹುಡುಕಿ ಎಳೆಯುತ್ತದೆ.

ಪುಸ್ತಕ ಸಿದ್ಧ. ಆದರೆ ಅದು ಡಬ್ಬಿಯ ಬದಲಿಗೆ ಅಲ್ಲ, ಡಬ್ಬಿಯ ಒಳಗೆ. ಬಟ್ಟೆಯ ವಸ್ತುವನ್ನು ಬೆಕ್ಕು ಕಚ್ಚಿಕೊಂಡು ಹೋಗಬಲ್ಲದು. ಸೂಜಿ ಫೆಲ್ಟಿನಲ್ಲಿ, ಫೆಲ್ಟ್ ಪುಸ್ತಕದಲ್ಲಿ, ಪುಸ್ತಕ ಡಬ್ಬಿಯಲ್ಲಿ. ಸೂಜಿಯನ್ನು ದಾರ ಇಲ್ಲದೆ ಚುಚ್ಚಿಡಿ. ಎಷ್ಟು ಸೂಜಿ ಅಂತ ಮುಚ್ಚಳದ ಒಳಗೆ ಚೀಟಿ ಅಂಟಿಸಿ. ನನ್ನ ಡಬ್ಬಿಯಲ್ಲಿ 6 ಅಂತ ಬರೆದಿದೆ. ಕೂರುವಾಗ ಎಣಿಸುತ್ತೇನೆ, ಏಳುವಾಗ ಎಣಿಸುತ್ತೇನೆ. ಸೂಜಿ ಅಂಟಿಸಿಡುವ ಸಣ್ಣ ಅಯಸ್ಕಾಂತಗಳನ್ನು ಮಾತ್ರ ನಾನು ಬಳಸುವುದಿಲ್ಲ. ಎರಡು ಹೊಟ್ಟೆಗೆ ಹೋದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ.

ಸೀರೆ, ಕೂದಲು, ಬೀರು

ಕೈ ಪಳಗಿದ ಮೇಲೆ ಸೀರೆಗೆ ಹೋಗುತ್ತೀರಿ. ರೇಷ್ಮೆಯಲ್ಲಿ ಎಳೆ ಎಣಿಸಲು ಆಗದಿದ್ದಾಗ ಮೇಲೆ ಕ್ಯಾನ್ವಾಸ್ ಹಚ್ಚಿ ಕಸೂತಿ ಹಾಕಿ, ಆಮೇಲೆ ಕ್ಯಾನ್ವಾಸಿನ ಒಂದೊಂದೇ ಎಳೆ ಎಳೆದು ತೆಗೆಯುತ್ತಾರೆ. ಬೆಕ್ಕಿರುವ ಮನೆಯಲ್ಲಿ ಅತಿ ಎಚ್ಚರ ಬೇಕಾದ ಹೊತ್ತು ಅದೇ. ಎಳೆದಷ್ಟೂ ಉದ್ದುದ್ದ ದಾರ, ರಾಶಿ ರಾಶಿ. ಆ ಕೆಲಸವನ್ನು ಬಾಗಿಲು ಹಾಕಿಕೊಂಡೇ ಮಾಡಿ.

ಬೆಕ್ಕಿನ ಉಗುರಿಗೆ ಸಿಕ್ಕಿ ಇಳಕಲ್ ಸೀರೆಯ ಎಳೆ ಎದ್ದರೆ ಕತ್ತರಿಸಬೇಡಿ. ಕತ್ತರಿಸಿದರೆ ತೂತು ಬೀಳುತ್ತದೆ. ಬಟ್ಟೆಯನ್ನು ಆ ಎಳೆಯ ದಿಕ್ಕಿನಲ್ಲಿ ಮೆಲ್ಲಗೆ ಜಗ್ಗಿ ನೋಡಿ, ಅರ್ಧ ಒಳಗೆ ಹೋಗುತ್ತದೆ. ಉಳಿದದ್ದನ್ನು ಸಣ್ಣ ಸೂಜಿಯಿಂದ ಹಿಂಬದಿಗೆ ಸರಿಸಿ.

ಕೂದಲು ಅಂಟಿದರೆ ಒದ್ದೆ ಕೈಯಿಂದ ಒಂದೇ ದಿಕ್ಕಿಗೆ ಒರೆಸಿ, ಉಂಡೆಯಾಗಿ ಬರುತ್ತದೆ. ರಬ್ಬರ್ ಕೈಗವಸು ಇನ್ನೂ ಒಳ್ಳೆಯದು. ಹೊಲಿಗೆಯ ಕೆಳಗೆ ಕೂದಲು ಸೇರಿಕೊಂಡರೆ ತೆಗೆಯುವುದು ಕಷ್ಟ. ಅದಕ್ಕೇ ಶುರು ಮಾಡುವ ಮುನ್ನ ಬಟ್ಟೆ ಕೊಡವಿ.

ಬೀರುವಿನಲ್ಲಿ ನುಸಿಗುಳಿಗೆ ಇಡುವ ರೂಢಿ ನಮ್ಮೆಲ್ಲರ ಮನೆಯಲ್ಲೂ ಇದೆ. ದಯವಿಟ್ಟು ಬಿಡಿ. ನಾಫ್ತಲಿನ್ ಬೆಕ್ಕಿಗೆ ವಿಷ. ಕರ್ಪೂರವೂ ಅಷ್ಟೇ. ಚೆನ್ನಾಗಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಮೂರು ತಿಂಗಳಿಗೊಮ್ಮೆ ಸೀರೆಯ ಮಡಿಕೆ ಬದಲಿಸಿ ಗಾಳಿಗೆ ಹಾಕಿ.

ಲೆಕ್ಕ ತಪ್ಪಿದರೆ

ಒಂದು ಸೂಜಿ ಕಡಿಮೆ ಬಂದರೆ ಮೊದಲು ಬೆಕ್ಕನ್ನು ಬೇರೆ ಕೋಣೆಗೆ ಬಿಟ್ಟು ಬಾಗಿಲು ಹಾಕಿ. ಆಮೇಲೆ ಹುಡುಕಿ. ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಕ್ಕೆ ಬೆಳಕು ಬಿಡಿ. ಸೂಜಿ ಹೊಳೆಯುತ್ತದೆ, ಅದರ ನೆರಳೂ ಉದ್ದಕ್ಕೆ ಬೀಳುತ್ತದೆ. ಕುರ್ಚಿಯ ಸಂದು, ನಿಮ್ಮ ಸೀರೆಯ ನೆರಿಗೆ, ಚಾಪೆಯ ಅಂಚು ನೋಡಿ.

ದಾರ ಕಾಣೆಯಾಗಿ, ಬೆಕ್ಕು ನುಂಗಿರಬಹುದು ಅನಿಸಿದರೆ ಲಕ್ಷಣಕ್ಕೆ ಕಾಯಬೇಡಿ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ನಾನು ಅವತ್ತೇ ಆ ಕೆಂಪು ದಾರವನ್ನು ಹುಡುಕಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು. ವಾಂತಿ, ಊಟ ಬಿಡುವುದು, ಜೊಲ್ಲು, ಬಾಯಿಯನ್ನು ಪಂಜದಿಂದ ಉಜ್ಜಿಕೊಳ್ಳುವುದು, ಮೂಲೆ ಸೇರುವುದು, ಹೊಟ್ಟೆ ಮುಟ್ಟಲು ಬಿಡದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಕರೆದುಕೊಂಡು ಹೋಗಿ.

ಬಾಯಿಂದಲೋ ಹಿಂಭಾಗದಿಂದಲೋ ದಾರದ ತುದಿ ಕಂಡರೆ ಎಳೆಯಲೇಬೇಡಿ. ಇನ್ನೊಂದು ತುದಿ ಒಳಗೆ ಎಲ್ಲಿ ಸಿಕ್ಕಿದೆ ಅಂತ ನಿಮಗೆ ಕಾಣುವುದಿಲ್ಲ, ಎಳೆದರೆ ಕರುಳು ಹರಿಯಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹರಳೆಣ್ಣೆ ಕುಡಿಸುವುದು ಬೇಡ. ನೋವಾಗುತ್ತಿದೆ ಅಂತ ಮನೆಯಲ್ಲಿರುವ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಹೋಗುವಾಗ ಅದೇ ದಾರದ ಒಂದು ತುಂಡು ಜೊತೆಗೆ ಒಯ್ಯಿರಿ. ಎಷ್ಟು ಉದ್ದ ಇತ್ತು, ಎಷ್ಟು ಹೊತ್ತಿಗೆ ಹೋಯಿತು, ಸೂಜಿ ಇತ್ತೋ ಇಲ್ಲವೋ ಹೇಳಿ. ಸೂಜಿ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದಾರ ಹಾಗೆ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು.

ರಾತ್ರಿ ಹೊತ್ತು, ಭಾನುವಾರ ಯಾರು ನೋಡುತ್ತಾರೆ ಅಂತ ಇವತ್ತೇ ವಿಚಾರಿಸಿಡಿ. ಆ ನಂಬರನ್ನು ಡಬ್ಬಿಯ ಮುಚ್ಚಳದ ಒಳಗೆ, ಸೂಜಿಯ ಲೆಕ್ಕದ ಪಕ್ಕದಲ್ಲೇ ಅಂಟಿಸಿ.